ಬಡಗಿಯ ಮನೆಯ ಪ್ಲಾಸ್ಟಿಕ್

1947ರ ಡಿಸೆಂಬರ್. ಡೆನ್ಮಾರ್ಕಿನ ಜಟ್ಲಂಡ್ ಸೀಮೆಯ ನಡುವೆ ಬಿಲ್ಲುಂಡ್ ಎಂಬ ಸಣ್ಣ ಊರು. ಸುತ್ತ ಮರಳು ಬೆರೆತ ಬಡ ನೆಲ, ಕುರುಚಲು ಪೊದೆ, ತಡೆಯಿಲ್ಲದೆ ಬೀಸುವ ಗಾಳಿ. ಒಂದು ರೈಲು ನಿಲ್ದಾಣ, ಒಂದಷ್ಟು ಮನೆ, ಒಂದು ಮರದ ಆಟಿಕೆ ಕಾರ್ಖಾನೆ. ಕಾರ್ಖಾನೆಯೆಂದರೆ ಬೀಚ್ ಮರದ ಹೊಟ್ಟು, ಬಿಸಿ ಗೋಂದು, ವಾರ್ನಿಷಿನ ಘಾಟು. ಆ ಊರಿಗೆ ಇಂಗ್ಲೆಂಡಿನಿಂದ ಒಂದು ಕಬ್ಬಿಣದ ಯಂತ್ರ ಬಂದಿಳಿಯಿತು. ಪ್ಲಾಸ್ಟಿಕ್ ಕರಗಿಸಿ ಅಚ್ಚಿನೊಳಗೆ ನುಗ್ಗಿಸುವ ವಿಂಡ್ಸರ್ ಮೋಲ್ಡಿಂಗ್ ಮಷೀನು. ಬೆಲೆ 30,000 ಕ್ರೋನರ್. ಅಷ್ಟು ಸಣ್ಣ ಕಾರ್ಖಾನೆಗೆ ಅದು ಮೈಮೇಲೆ ಎಳೆದುಕೊಂಡ ಹೊರೆಯೇ ಸರಿ. ಮನೆಯವರಿಗೂ ಈ ಸಾಹಸ ಹಿಡಿಸಿರಲಿಲ್ಲ.

ಯಂತ್ರ ತರಿಸಿದವರು ಓಲೆ ಕಿರ್ಕ್ ಕ್ರಿಸ್ಟಿಯನ್ಸನ್. ವಯಸ್ಸು ಐವತ್ತಾರು. 1891ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿ, ಬಡಗಿ ಕೆಲಸ ಕಲಿತು, 1916ರಲ್ಲಿ ಬಿಲ್ಲುಂಡಿನ ಮರಗೆಲಸದ ಕಾರ್ಯಾಗಾರವನ್ನು ಕೊಂಡವರು. ಉಳಿ, ಗರಗಸ ಹಿಡಿದ ಕೈ ಅದು. ಆ ಕೈ ಪ್ಲಾಸ್ಟಿಕ್ಕಿಗೆ ಹೇಗೆ ಬಂತು ಎಂದು ತಿಳಿಯಬೇಕಾದರೆ ಬೆಂಕಿಯಿಂದ ಶುರುಮಾಡಬೇಕು. ಈ ಮನೆತನವನ್ನು ಬೆಂಕಿ ಮತ್ತೆ ಮತ್ತೆ ಹುಡುಕಿಕೊಂಡು ಬಂದಿದೆ.

ಮೊದಲ ಸಲ 1924ರಲ್ಲಿ. ಇನ್ನೂ ಶಾಲೆ ಮುಖ ಕಾಣದ ಇಬ್ಬರು ಗಂಡುಮಕ್ಕಳು, ಕಾರ್ಲ್ ಗೇಯೋರ್ಗ್ ಮತ್ತು ಗಾಟ್‌ಫ್ರೆಡ್, ಕಾರ್ಯಾಗಾರದಲ್ಲಿ ಆಡುತ್ತಾ ಹಚ್ಚಿದ ಬೆಂಕಿ ಮರದ ಸಿಪ್ಪೆಗೆ ತಗುಲಿತು. ಕಾರ್ಯಾಗಾರವೂ ಮನೆಯೂ ಸುಟ್ಟುಹೋದವು. ಓಲೆ ಕಿರ್ಕ್ ಕೈಚೆಲ್ಲಿ ಕೂರಲಿಲ್ಲ. ಮೊದಲಿಗಿಂತ ದೊಡ್ಡದಾಗಿ ಹೊಸ ಮನೆ ಕಟ್ಟಿಸಿ, ಬಾಗಿಲ ಇಕ್ಕೆಲಗಳಲ್ಲಿ ಎರಡು ಸಿಂಹ ಕೂರಿಸಿದರು. ಆ ಸಿಂಹದ ಮನೆ ಇವತ್ತಿಗೂ ಊರಿನಲ್ಲಿದೆ.

ಎಂಟು ವರ್ಷಕ್ಕೆ ಇನ್ನೊಂದು ಹೊಡೆತ. ಜಗತ್ತನ್ನೇ ಹಿಂಡಿದ ಆರ್ಥಿಕ ಕುಸಿತದಲ್ಲಿ ರೈತರ ಕೈ ಬರಿದಾಯಿತು. ರೈತರು ಮನೆ ಕಟ್ಟಿಸದಿದ್ದರೆ ಬಡಗಿಗೆ ಕೆಲಸವೆಲ್ಲಿ? ಅದೇ 1932ರಲ್ಲಿ ಹೆಂಡತಿ ತೀರಿಕೊಂಡರು. ನಾಲ್ಕು ಗಂಡುಮಕ್ಕಳು, ಕಿರಿಯವನಿಗೆ ಆರೇ ವರ್ಷ. ಕೆಲಸವಿಲ್ಲದ ಬಡಗಿ ಏಣಿ ಮಾಡಿದ, ಇಸ್ತ್ರಿ ಮಣೆ ಮಾಡಿದ, ಉಳಿದ ಮರದ ತುಂಡುಗಳಲ್ಲಿ ಆಟಿಕೆ ಮಾಡಿದ. ಆಟಿಕೆ ಮಾಡುವುದೂ ಒಂದು ಕಸುಬೇ ಎಂದು ಬಂಧುಗಳು ಮೂಗು ಮುರಿದರು. ಆತ ಬಿಡಲಿಲ್ಲ. ಹನ್ನೆರಡು ವರ್ಷದ ಗಾಟ್‌ಫ್ರೆಡ್ ಅಪ್ಪನ ಜೊತೆ ಕೆಲಸಕ್ಕೆ ನಿಂತ. ಯೋಯೋ ಆಟದ ಹುಚ್ಚು ಹಬ್ಬಿದಾಗ ರಾಶಿ ಯೋಯೋ ಮಾಡಿಟ್ಟರು, ಹುಚ್ಚು ಇಳಿದಾಗ ರಾಶಿ ಹಾಗೇ ಉಳಿಯಿತು. ಅವನ್ನೆಲ್ಲ ಎರಡೆರಡು ಹೋಳು ಮಾಡಿ ಆಟದ ಲಾರಿಗಳಿಗೆ ಚಕ್ರವಾಗಿ ಜೋಡಿಸಿದರು. ಈ ಲಾರಿ ಚಕ್ರದ ಕಥೆಯನ್ನು ಓದುವಾಗಲೆಲ್ಲ ನನಗೆ ಆ ಬಡಗಿಯ ಮೇಲೆ ಪ್ರೀತಿ ಉಕ್ಕುತ್ತದೆ. ಚೆನ್ನಾಗಿ ಆಡು ಎಂಬರ್ಥದ ಡೇನಿಶ್ ಮಾತಿನ ಎರಡೂ ಪದಗಳಿಂದ ಮೊದಲ ಎರಡೆರಡು ಅಕ್ಷರ ಆಯ್ದು ಲೆಗೊ ಎಂದು ಕಂಪನಿಗೆ ಹೆಸರಿಟ್ಟದ್ದೂ ಈ ಕಷ್ಟದ ವರ್ಷಗಳಲ್ಲೇ.

ಆಗ ಚೆನ್ನಾಗಿ ಮಾರುತ್ತಿದ್ದದ್ದು ದಾರ ಕಟ್ಟಿ ಎಳೆಯುವ ಮರದ ಬಾತುಕೋಳಿ. ಬೀಚ್ ಮರವನ್ನು ವರ್ಷಗಟ್ಟಲೆ ಗಾಳಿಗೆ ಒಣಗಿಸಿ, ಕೊರೆದು, ನಯಮಾಡಿ, ಬಣ್ಣ ಹಚ್ಚಿ, ಮೇಲೆ ಮೂರು ಕೋಟ್ ವಾರ್ನಿಷ್. ಒಂದು ಸಂಜೆ ಗಾಟ್‌ಫ್ರೆಡ್ ಹಿಗ್ಗುತ್ತಾ ಮನೆಗೆ ಬಂದು ಅಪ್ಪನಿಗೆ ಹೇಳಿದ, ಇವತ್ತು ಕಂಪನಿಗೆ ದುಡ್ಡು ಉಳಿಸಿದೆ ಎಂದು. ಹೇಗೆ? ಬಾತುಕೋಳಿಗಳಿಗೆ ಎರಡೇ ಕೋಟ್ ಹಚ್ಚಿ ಪೆಟ್ಟಿಗೆ ಕಟ್ಟಿ ನಿಲ್ದಾಣಕ್ಕೆ ಕಳಿಸಿದ್ದ. ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಅವನ ಲೆಕ್ಕ. ಅಪ್ಪ ಆ ಕ್ಷಣವೇ ಅವನನ್ನು ನಿಲ್ದಾಣಕ್ಕೆ ಅಟ್ಟಿದರು. ಪೆಟ್ಟಿಗೆಗಳನ್ನು ವಾಪಸು ತಾ, ಬಿಚ್ಚು, ಮೂರನೇ ಕೋಟ್ ಹಚ್ಚು, ಮತ್ತೆ ಕಟ್ಟಿ ಕಳಿಸು. ರಾತ್ರಿಯಿಡೀ ಆದರೂ ಸರಿ, ಒಬ್ಬನೇ ಮಾಡು. ಹುಡುಗ ಮಾಡಿದ. ಎಲ್ಲಕ್ಕಿಂತ ಒಳ್ಳೆಯದೂ ಅತಿಯಾಗುವುದಿಲ್ಲ ಎಂಬರ್ಥದ ಅಪ್ಪನ ಮಾತನ್ನು ಮುಂದೆ ಅವನೇ ಹಲಗೆಯ ಮೇಲೆ ಕೆತ್ತಿ ಕಾರ್ಯಾಗಾರದ ಗೋಡೆಗೆ ಹಾಕಿದ. ಈ ಕಂಪನಿಯ ಮುಂದಿನ ಕಥೆಯೆಲ್ಲ ಆ ರಾತ್ರಿಯ ಪಾಠದ ಮೇಲೆ ನಿಂತಿದೆ ಎಂಬುದು ನನ್ನ ಗಟ್ಟಿ ನಂಬಿಕೆ.

1942ರಲ್ಲಿ, ಜರ್ಮನ್ ಸೇನೆ ಡೆನ್ಮಾರ್ಕನ್ನು ಹಿಡಿದಿಟ್ಟುಕೊಂಡಿದ್ದ ಕಾಲದಲ್ಲಿ, ಕಾರ್ಖಾನೆ ಮತ್ತೆ ಸುಟ್ಟಿತು. ಮಾದರಿಗಳು, ನಕ್ಷೆಗಳು ಎಲ್ಲ ಬೂದಿ. ಮತ್ತೆ ಕಟ್ಟಿದರು.

ಇಷ್ಟಾದ ಮೇಲೆ ಆ ಇಂಗ್ಲಿಷ್ ಯಂತ್ರ. ಯಂತ್ರದ ಜೊತೆಗೆ ಅವರ ಕೈಗೆ ಬಂದದ್ದು ಪುಟ್ಟ ಪ್ಲಾಸ್ಟಿಕ್ ಇಟ್ಟಿಗೆಗಳ ಮಾದರಿ. ಇಲ್ಲೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಒಂದರ ಮೇಲೊಂದು ಕೂರುವ ಆ ಇಟ್ಟಿಗೆಗಳು ಇಂಗ್ಲೆಂಡಿನ ಹಿಲರಿ ಫಿಶರ್ ಪೇಜ್ ಎಂಬುವರ ಕಲ್ಪನೆ. ಅವರ ಕಿಡಿಕ್ರಾಫ್ಟ್ ಕಂಪನಿ 1947ರಲ್ಲೇ ಅವನ್ನು ಮಾರುತ್ತಿತ್ತು. ಬಿಲ್ಲುಂಡಿನವರು ಅದನ್ನೇ ನೋಡಿ, ಅಳತೆ ಅಷ್ಟಿಷ್ಟು ತಿದ್ದಿ, 1949ರಲ್ಲಿ ತಮ್ಮ ಇಟ್ಟಿಗೆ ತಂದರು. ಪೇಜ್ 1957ರಲ್ಲಿ ತೀರಿಕೊಂಡರು. ಕಿಡಿಕ್ರಾಫ್ಟ್ ಇಟ್ಟಿಗೆಯ ಹಕ್ಕನ್ನು ಲೆಗೊ ಕೊಂಡದ್ದು 1981ರಲ್ಲಿ. ಲೆಗೊ ಕಥೆ ಹೇಳುವಾಗ ಪೇಜ್ ಹೆಸರು ಬಿಟ್ಟುಹೋದರೆ ಅದು ಅನ್ಯಾಯ.

ಇಟ್ಟಿಗೆ ಮಾಡಿದ್ದೇನೋ ಆಯಿತು, ಕೊಳ್ಳುವವರಿರಲಿಲ್ಲ. ಆಗಿನ ಇಟ್ಟಿಗೆ ಸೆಲ್ಯುಲೋಸ್ ಅಸಿಟೇಟಿನದು, ಒಳಗೆ ಟೊಳ್ಳು. ಕೆಳಗಿನ ಇಟ್ಟಿಗೆಯ ಗುಬುಟುಗಳು ಮೇಲಿನ ಇಟ್ಟಿಗೆಯ ಟೊಳ್ಳಿನ ಗೋಡೆಗಷ್ಟೇ ತಾಗಿ ನಿಲ್ಲುತ್ತಿದ್ದವು. ಮಗು ಕಷ್ಟಪಟ್ಟು ಕಟ್ಟಿದ ಮನೆ ಎತ್ತಿದರೆ ಬಿಚ್ಚಿಕೊಳ್ಳುತ್ತಿತ್ತು. ಮರದ ಆಟಿಕೆಗಿರುವ ಮರ್ಯಾದೆ ಪ್ಲಾಸ್ಟಿಕ್ಕಿಗೆ ಎಲ್ಲಿಂದ ಬರಬೇಕು ಎಂದು ಅಂಗಡಿಯವರು ತಲೆಯಾಡಿಸುತ್ತಿದ್ದರು.

ತಿರುವು ಸಿಕ್ಕಿದ್ದು ಹಡಗಿನಲ್ಲಿ. 1954ರಲ್ಲಿ ಇಂಗ್ಲೆಂಡಿಗೆ ಹೋಗಿಬರುವ ದಾರಿಯಲ್ಲಿ ಗಾಟ್‌ಫ್ರೆಡ್‌ಗೆ ಕೋಪನ್‌ಹೇಗನ್ನಿನ ದೊಡ್ಡ ಅಂಗಡಿಯೊಂದರ ಆಟಿಕೆ ವಿಭಾಗದವರು ಜೊತೆಯಾದರು. ಆಟಿಕೆಗಳಲ್ಲಿ ಒಂದು ವ್ಯವಸ್ಥೆ ಎಂಬುದೇ ಇಲ್ಲ ಎಂದು ಅವರು ಗೊಣಗಿದರು. ಆ ಗೊಣಗಾಟ ಗಾಟ್‌ಫ್ರೆಡ್ ತಲೆಯಲ್ಲಿ ಕೊರೆಯತೊಡಗಿತು. ಇವತ್ತು ಕೊಂಡದ್ದು ನಾಳೆ ಕೊಂಡದ್ದಕ್ಕೆ ಕೂಡಬೇಕು, ಅಣ್ಣನ ಡಬ್ಬದ್ದು ತಂಗಿಯ ಡಬ್ಬದ್ದಕ್ಕೆ ಹೊಂದಬೇಕು. 1955ರಲ್ಲಿ ಇಟ್ಟಿಗೆಗಳನ್ನೇ ನೆಚ್ಚಿ, ರಸ್ತೆ, ಮನೆ, ಕಾರು ಎಲ್ಲ ಸೇರಿದ ಒಂದು ಪುಟ್ಟ ಊರಿನ ಸೆಟ್ ಹೊರಬಂತು. ಹಿಡಿತದ ತೊಂದರೆ ಮಾತ್ರ ಹಾಗೇ ಇತ್ತು.

ಅದಕ್ಕೆ ಸಿಕ್ಕ ಪರಿಹಾರವನ್ನು ಕೈಯಲ್ಲಿ ಹಿಡಿದೇ ನೋಡಬೇಕು. ಎಂಟು ಗುಬುಟಿನ ಇಟ್ಟಿಗೆಯನ್ನು ಮಗುಚಿ. ಒಳಗೆ ಸಾಲಾಗಿ ಮೂರು ಕೊಳವೆ ಕಾಣುತ್ತವೆ. ಗುಬುಟಿನ ಅಗಲ 4.8 ಮಿಲಿಮೀಟರ್, ಒಂದರ ನಡುವಿನಿಂದ ಪಕ್ಕದ್ದರ ನಡುವಿಗೆ 8 ಮಿಲಿಮೀಟರ್. ನಾಲ್ಕು ಗುಬುಟುಗಳ ನಡುವೆ ಉಳಿಯುವ ಜಾಗದಲ್ಲಿ, ನಾಲ್ಕಕ್ಕೂ ಒತ್ತಿ ಕೂರುವ ದುಂಡನೆಯ ಕೊಳವೆ ಎಷ್ಟು ದಪ್ಪವಿರಬೇಕು? ಲೆಕ್ಕ ಹಾಕಿದರೆ 6.51 ಮಿಲಿಮೀಟರ್ ಬರುತ್ತದೆ. ಅಷ್ಟೇ ಇದೆ. ಪ್ರತಿ ಗುಬುಟನ್ನೂ ಕೊಳವೆಯೂ ಗೋಡೆಯೂ ಸೇರಿ ಹಿಡಿಯುತ್ತವೆ. ಮಗು ಎಳೆದರೆ ಬಿಡಬೇಕು, ತಾನಾಗಿ ಬಿಡಬಾರದು. 1958ರ ಜನವರಿ 28ರ ಮಧ್ಯಾಹ್ನ 1 ಗಂಟೆ 58 ನಿಮಿಷಕ್ಕೆ ಈ ಕೊಳವೆಯ ಪೇಟೆಂಟ್ ಅರ್ಜಿ ಕೋಪನ್‌ಹೇಗನ್ನಿನಲ್ಲಿ ದಾಖಲಾಯಿತು. ಆರು ವಾರದ ಬಳಿಕ, ಮಾರ್ಚ್ 11ರಂದು ಓಲೆ ಕಿರ್ಕ್ ಕಣ್ಣುಮುಚ್ಚಿದರು. ತಮ್ಮ ಪ್ಲಾಸ್ಟಿಕ್ ಇಟ್ಟಿಗೆ ಜಗತ್ತು ಗೆದ್ದದ್ದನ್ನು ಅವರು ನೋಡಲಿಲ್ಲ.

1960ರಲ್ಲಿ ಮರದ ಆಟಿಕೆಗಳ ಗೋದಾಮಿಗೆ ಬೆಂಕಿ ಬಿತ್ತು. ಈ ಸಲ ಗಾಟ್‌ಫ್ರೆಡ್ ಮರಕ್ಕೆ ಮರಳಲಿಲ್ಲ. ಇನ್ನು ಪ್ಲಾಸ್ಟಿಕ್ ಮಾತ್ರ ಎಂದರು. ಅಣ್ಣ ಕಾರ್ಲ್ ಗೇಯೋರ್ಗ್, ತಮ್ಮ ಗೆರ್ಹಾರ್ಟ್ ಕಂಪನಿ ಬಿಟ್ಟು ತಮ್ಮ ದಾರಿ ಹಿಡಿದರು. ಒಂದೇ ಬೆಂಕಿ ಮರವನ್ನೂ ಒಯ್ದಿತು, ಒಡಹುಟ್ಟಿದವರನ್ನೂ ಬೇರೆ ಮಾಡಿತು. ಕೂಡುಕುಟುಂಬದ ವ್ಯಾಪಾರ ಬಲ್ಲವರಿಗೆ ಆ ನೋವು ವಿವರಿಸಬೇಕಿಲ್ಲ.

ಮುಂದಿನ ದಶಕವೆಲ್ಲ ಏರುಗತಿ. 1963ರಲ್ಲಿ ಸೆಲ್ಯುಲೋಸ್ ಅಸಿಟೇಟ್ ಬಿಟ್ಟು ಎಬಿಎಸ್ ಪ್ಲಾಸ್ಟಿಕ್ಕಿಗೆ ಬಂದರು. ಅದು ಸೊಟ್ಟಗಾಗುವುದಿಲ್ಲ, ಬಣ್ಣ ಬೇಗ ಬಿಡುವುದಿಲ್ಲ. ಊರಿಗೆ ಹೋಗಿಬರಲು ಗಾಟ್‌ಫ್ರೆಡ್ ಮಾಡಿಸಿದ ವಿಮಾನದ ಓಡುದಾರಿ 1964ರಲ್ಲಿ ಸಾರ್ವಜನಿಕ ವಿಮಾನ ನಿಲ್ದಾಣವಾಯಿತು. 1968ರಲ್ಲಿ ಇಟ್ಟಿಗೆಗಳಿಂದಲೇ ಕಟ್ಟಿದ ಪುಟ್ಟ ಪಟ್ಟಣಗಳ ಲೆಗೊಲ್ಯಾಂಡ್ ತೆರೆಯಿತು. ಮೊದಲ ವರ್ಷವೇ ಆರು ಲಕ್ಷಕ್ಕೂ ಹೆಚ್ಚು ಜನ ಬಂದರು.

ಇಂದಿನ ಕಾರ್ಖಾನೆಯ ಒಳಗೆ ಮನುಷ್ಯರು ವಿರಳ. ಎತ್ತರದ ಸೈಲೋಗಳಿಂದ ಎಬಿಎಸ್ ಹರಳುಗಳು ಕೊಳವೆಗಳಲ್ಲಿ ಸರಸರನೆ ಹರಿದು ಯಂತ್ರ ಸೇರುತ್ತವೆ. ಇನ್ನೂರು ಡಿಗ್ರಿ ಮೀರಿದ ಕಾವಿನಲ್ಲಿ ಕರಗುತ್ತವೆ, ಭಾರಿ ಒತ್ತಡದಲ್ಲಿ ಅಚ್ಚಿಗೆ ನುಗ್ಗುತ್ತವೆ. ಕೆಲವೇ ಸೆಕೆಂಡು. ಅಚ್ಚು ಬಾಯಿ ಬಿಡುತ್ತದೆ, ಇಟ್ಟಿಗೆಗಳು ಕೆಳಗಿನ ಡಬ್ಬಕ್ಕೆ ಉದುರುತ್ತವೆ. ಡಬ್ಬ ತುಂಬಿದರೆ ರೋಬೋ ಗಾಡಿ ಬಂದು ಎತ್ತಿಕೊಂಡು ಹೋಗುತ್ತದೆ. ಅಚ್ಚಿನ ಅಳತೆ ಮಿಲಿಮೀಟರಿನ ಕೆಲವು ಸಾವಿರದ ಪಾಲಿನಷ್ಟೂ ತಪ್ಪುವಂತಿಲ್ಲ. ತಪ್ಪಿದರೆ ಇಟ್ಟಿಗೆ ಹಿಡಿಯುವುದಿಲ್ಲ, ಅಥವಾ ಹಿಡಿದದ್ದು ಬಿಡುವುದಿಲ್ಲ. ಬಾತುಕೋಳಿಯ ಮೂರನೇ ಕೋಟ್ ಈಗ ಇರುವುದು ಇಲ್ಲಿ, ಯಾರ ಕಣ್ಣಿಗೂ ಬೀಳದ ಈ ಅಳತೆಯಲ್ಲಿ. ಎಂಟು ಗುಬುಟಿನ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ಬಗೆಯಲ್ಲಿ ಜೋಡಿಸಬಹುದು ಎಂದು ಗಣಿತಜ್ಞರು ಎಣಿಸಿದ್ದಾರೆ.

ಗಾಟ್‌ಫ್ರೆಡ್ ಮಗ ಕ್ಯೆಲ್ 1979ರಲ್ಲಿ ಚುಕ್ಕಾಣಿ ಹಿಡಿದರು. ನಗುಮುಖದ ಪುಟ್ಟ ಮನುಷ್ಯಾಕೃತಿ ಅದರ ಹಿಂದಿನ ವರ್ಷವಷ್ಟೇ ಬಂದಿತ್ತು. ಎರಡು ದಶಕ ಎಲ್ಲ ಚೆನ್ನ. ಆಮೇಲೆ ಕಂಪನಿ ಕಂಡಕಂಡದ್ದಕ್ಕೆಲ್ಲ ಕೈಹಾಕಿತು: ಬಟ್ಟೆ, ವಿಡಿಯೊ ಗೇಮ್, ಪಾರ್ಕಿನ ಮೇಲೆ ಪಾರ್ಕು. ಬಿಡಿಭಾಗಗಳ ಬಗೆಗಳು ಹನ್ನೆರಡು ಸಾವಿರ ದಾಟಿದವು. 2003ರಲ್ಲಿ ನೂರು ಕೋಟಿ ಕ್ರೋನರ್ ಮೀರಿದ ನಷ್ಟ. 2004ರಲ್ಲಿ ಕ್ಯೆಲ್ ತಾವೇ ಕುರ್ಚಿ ಬಿಟ್ಟು, ಮನೆತನಕ್ಕೆ ಸೇರದ, ಮೂವತ್ತೈದರ ಯಾರ್ಗನ್ ವಿಗ್ ಕ್ನುಡ್‌ಸ್ಟಾರ್ಪ್ ಅವರನ್ನು ಕೂರಿಸಿದರು. ಪಾರ್ಕುಗಳನ್ನು ಮಾರಿ, ಬಿಡಿಭಾಗಗಳ ಬಗೆಗಳನ್ನು ಅರ್ಧದಷ್ಟು ಕಡಿದು ಕಂಪನಿ ಇಟ್ಟಿಗೆಗೆ ಮರಳಿತು, ಬದುಕಿತು. ತನ್ನಿಂದ ಆಗದು ಎಂದು ತಿಳಿದಾಗ ಹೊರಗಿನವರಿಗೆ ಜಾಗ ಬಿಡುವುದು ಮನೆತನದ ವ್ಯಾಪಾರಗಳಲ್ಲಿ ಅಪರೂಪ. ಕ್ಯೆಲ್ ಅವರ ದೊಡ್ಡತನ ಅಲ್ಲಿದೆ. ಒಡೆತನ ಮಾತ್ರ ಕೈತಪ್ಪಲಿಲ್ಲ. ಮುಕ್ಕಾಲು ಪಾಲು ಕುಟುಂಬದ ಕಿರ್ಕ್‌ಬಿ ಕಂಪನಿಯದು, ಕಾಲು ಪಾಲು ಲೆಗೊ ಪ್ರತಿಷ್ಠಾನದ್ದು. ಈಗ ನಾಲ್ಕನೆಯ ತಲೆಮಾರಿನ ಥಾಮಸ್ ಮುಂದೆ ನಿಂತಿದ್ದಾರೆ.

ಅವರ ಮುಂದಿರುವ ಕಷ್ಟದ ಕೆಲಸ ಪ್ಲಾಸ್ಟಿಕ್ಕೇ. 1997ರ ಫೆಬ್ರುವರಿಯಲ್ಲಿ ಟೋಕಿಯೋ ಎಕ್ಸ್‌ಪ್ರೆಸ್ ಹಡಗಿನಿಂದ ಕಡಲಿಗೆ ಬಿದ್ದ ಕಂಟೇನರ್‌ಗಳ ಪೈಕಿ ಒಂದರಲ್ಲಿದ್ದ ಸುಮಾರು 48 ಲಕ್ಷ ಲೆಗೊ ತುಣುಕುಗಳು ಚೆಲ್ಲಿದವು. ಇಂಗ್ಲೆಂಡಿನ ಕಾರ್ನ್‌ವಾಲ್ ದಡಕ್ಕೆ ಅವು ದಶಕಗಳ ನಂತರವೂ ತೇಲಿ ಬಂದಿವೆ. ಒಂದು ಇಟ್ಟಿಗೆ ಕಡಲಿನಲ್ಲಿ 100ರಿಂದ 1,300 ವರ್ಷ ಉಳಿಯಬಹುದು ಎಂದು ಪ್ಲಿಮತ್ ವಿಶ್ವವಿದ್ಯಾಲಯದವರು 2020ರಲ್ಲಿ ಅಂದಾಜಿಸಿದರು. ಕಂಪನಿ 2018ರಿಂದ ಗಿಡ, ಎಲೆಗಳ ಆಕಾರದ ಮೆದು ತುಣುಕುಗಳನ್ನು ಕಬ್ಬಿನಿಂದ ತೆಗೆದ ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತಿದೆ. ಹಳೆಯ ಬಾಟಲಿ ಕರಗಿಸಿ ಇಟ್ಟಿಗೆ ಮಾಡುವ ಪ್ರಯತ್ನವನ್ನು, ಅದರಿಂದ ಇಂಗಾಲದ ಹೊರೆ ಇಳಿಯದೆಂದು 2023ರಲ್ಲಿ ಕೈಬಿಟ್ಟಿತು. ಎಬಿಎಸ್ಸಿನಷ್ಟು ಗಟ್ಟಿಯಾಗಿ ಹಿಡಿದು ಅಷ್ಟೇ ಸಲೀಸಾಗಿ ಬಿಡುವ ಬೇರೆ ವಸ್ತು ಸಿಗುವುದು ಸುಲಭವಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಅಟ್ಟದ ಮೇಲೆ ಮಕ್ಕಳು ಆಡಿ ಬಿಟ್ಟ ಇಟ್ಟಿಗೆಗಳ ಡಬ್ಬವಿದ್ದರೆ ಕಸಕ್ಕೆ ಹಾಕಬೇಡಿ. ಸೋಪಿನ ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಪಕ್ಕದ ಮನೆಯ ಮಗುವಿಗೋ ಹತ್ತಿರದ ಅಂಗನವಾಡಿಯ ದೊಡ್ಡ ಮಕ್ಕಳಿಗೋ ಕೊಡಿ. 1958ರಲ್ಲಿ ಮಾಡಿದ ಇಟ್ಟಿಗೆ ಈ ವರ್ಷದ್ದಕ್ಕೂ ಕೂಡುತ್ತದೆ, ನಿಮ್ಮದೂ ಕೂಡುತ್ತದೆ.