ಪದಸಂಗ್ರಹದ ಕಡತಕ್ಕೆ ತಕ್ಕ ವಿಭಾಜಕ

ಗಡಿನಾಡಿನ ಅಧ್ಯಾಪಕರು ಮಕ್ಕಳ ನೆರವಿನಿಂದ ಮನೆಮಾತಿನ ಪದಗಳನ್ನೂ ಗಾದೆ, ಹಾಡುಗಳನ್ನೂ ಕಲೆಹಾಕುವುದುಂಟು. ನೋಟುಪುಸ್ತಕದಲ್ಲಿದ್ದ ಆ ಸಂಗ್ರಹಗಳು ಈಗ ಗಣಕಯಂತ್ರದ ಸ್ಪ್ರೆಡ್‌ಶೀಟಿಗೆ ಏರತೊಡಗಿವೆ. ಪದ, ಅರ್ಥ, ಊರು, ಹೇಳಿದವರ ವಯಸ್ಸು ಎಂದು ನಾಲ್ಕು ಕಾಲಂಗಳು. ಒಂದೊಂದು ಸಂಗತಿಗೂ ಸೆಲ್ ಎಂಬ ಒಂದೊಂದು ಮನೆ. ಇದನ್ನು ನಿಘಂಟು ರಚಿಸುವವರಿಗೆ ಕಳುಹಿಸುವಾಗ ಬರಿಯ ಪಠ್ಯಕಡತವಾಗಿ ಇಳಿಸಿ ಕಳುಹಿಸುವುದೇ ಲೇಸು. ಅದನ್ನು ತೆರೆಯಲು ಇಂಥದೇ ತಂತ್ರಾಂಶ ಬೇಕೆಂಬ ಹಂಗಿಲ್ಲ. ಆದರೆ ಪಠ್ಯಕಡತದಲ್ಲಿ ಕಾಲಮಿನ ಗೆರೆಗಳಿಲ್ಲ. ಒಂದು ಮನೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಯಿತೆಂದು ತಿಳಿಸಲು ನಡುವೆ ಒಂದು ಚಿಹ್ನೆ ಬೇಕು. ಅದೇ ವಿಭಾಜಕ.

ಹೆಚ್ಚಾಗಿ ಬಳಕೆಯಲ್ಲಿರುವುದು ಅಲ್ಪವಿರಾಮ. ಸಿಎಸ್‌ವಿ ಎಂಬ ಕಡತಕ್ಕೆ ಹೆಸರು ಬಂದದ್ದೇ ಅದರಿಂದ. ಅಂಕಿಗಳ ಪಟ್ಟಿಗೆ ಅದು ಸಾಕು. ಪದಸಂಗ್ರಹಕ್ಕೆ ಮಾತ್ರ ಒಗ್ಗದು. ‘ಮುಟ್ಟಾಳೆ’ ಎಂಬ ಪದಕ್ಕೆ ‘ಅಡಕೆಯ ಹಾಳೆಯಿಂದ ಮಾಡಿದ, ತಲೆಗಿಡುವ ಟೋಪಿ’ ಎಂದು ಅರ್ಥ ಬರೆದು, ಊರು ಕುಂಬಳೆ, ವಯಸ್ಸು 72 ಎಂದು ತುಂಬಿದೆವೆನ್ನೋಣ. ಅಲ್ಪವಿರಾಮ ಕಂಡಲ್ಲೆಲ್ಲ ಕತ್ತರಿಸುವ ತಂತ್ರಾಂಶದ ಕೈಯಲ್ಲಿ ಅರ್ಥವು ‘ಮಾಡಿದ’ ಎಂಬಲ್ಲಿಗೇ ಮುರಿಯುತ್ತದೆ. ತಲೆಗಿಡುವ ಟೋಪಿಯೇ ಊರಾಗುತ್ತದೆ, ಕುಂಬಳೆ ಯಾರದೋ ವಯಸ್ಸಾಗುತ್ತದೆ! ನಗುವ ಮಾತೇನೋ ಸರಿ. ಆದರೆ ಸಾವಿರ ಪದಗಳ ಪಟ್ಟಿಯಲ್ಲಿ ಇದು ಯಾರ ಕಣ್ಣಿಗೂ ಬೀಳದೆ ಉಳಿದರೆ, ಹೇಳಿದ ಅಜ್ಜಿ ತೀರಿಕೊಂಡ ಮೇಲೆ ಆ ಪದ ಯಾವ ಊರಿನದೆಂದು ಯಾರನ್ನು ಕೇಳೋಣ?

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಅಲ್ಪವಿರಾಮವಿರುವ ಮನೆಯನ್ನು ಜೋಡಿ ಉದ್ಧರಣ ಚಿಹ್ನೆಗಳೊಳಗೆ ಇಡಬೇಕು, ಒಳಗೇ ಉದ್ಧರಣ ಚಿಹ್ನೆ ಬಂದರೆ ಅದನ್ನು ಇಮ್ಮಡಿಸಬೇಕು ಎಂದು 2005ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 4180 ಎಂಬ ಪತ್ರ ವಿವರಿಸಿದೆ. ಎಕ್ಸೆಲ್ ಮೊದಲಾದವು ಹೀಗೆಯೇ ಮಾಡುತ್ತವೆ. ಆದರೆ ಕಡತವನ್ನು ಪಡೆಯುವವರ ತಂತ್ರಾಂಶವೂ ಆ ನಿಯಮವನ್ನು ಬಲ್ಲುದೆಂಬ ಭರವಸೆ ಎಲ್ಲಿ?

ಅರ್ಧವಿರಾಮವನ್ನು ಯುರೋಪಿನ ಹಲವು ದೇಶಗಳಲ್ಲಿ ಬಳಸುತ್ತಾರೆ. ಅಲ್ಲಿ ದಶಮಾಂಶ ಬಿಂದುವಿನ ಸ್ಥಾನದಲ್ಲಿ ಅಲ್ಪವಿರಾಮವೇ ಇರುವುದು ಅದಕ್ಕೆ ಕಾರಣ. ನಮಗೆ ಅದೂ ಆಗದು: ಒಂದು ಪದದ ಎರಡು ಅರ್ಥಗಳನ್ನು ನಾವು ಬೇರ್ಪಡಿಸುವುದು ಅದರಿಂದಲೇ. ನಿಲುಗೆರೆ ಸೂಕ್ತವೆಂದು ಕೆಲವರು ಹೇಳುವರು. ವ್ಯಾಪಾರದ ಲೆಕ್ಕಕ್ಕೆ ಅದು ಸರಿ. ಹಾಡು, ಶ್ಲೋಕಗಳನ್ನು ಬೆರಳಚ್ಚಿಸುವಾಗ ಪಾದದ ಕೊನೆಯ ದಂಡಕ್ಕೆ ಎಷ್ಟೋ ಮಂದಿ ಒತ್ತುವುದು ಅದೇ ಗೆರೆಯನ್ನು ಎಂಬುದು ಅವರಿಗೆ ಹೊಳೆಯದು.

ಬರಹದಲ್ಲಿ ಎಂದೂ ಬಾರದ ಚಿಹ್ನೆಯೇ ಬೇಲಿಯಾಗಲು ಯೋಗ್ಯ. ಆ ದೃಷ್ಟಿಯಿಂದ ನಾವು ಟ್ಯಾಬನ್ನು ಮೆಚ್ಚುತ್ತೇವೆ. ಸ್ಪ್ರೆಡ್‌ಶೀಟಿನಲ್ಲಿ ಆ ಕೀಲಿ ಒತ್ತಿದರೆ ಪಕ್ಕದ ಮನೆಗೆ ಹೋಗುತ್ತೇವಾದ್ದರಿಂದ ಅದು ಬರಹದೊಳಗೆ ನುಸುಳುವುದು ತೀರ ಅಪರೂಪ.

ಎಕ್ಸೆಲ್‌ನಲ್ಲಿ ಟ್ಯಾಬಿನ ಕಡತಕ್ಕೆ ಒಂದಕ್ಕಿಂತ ಹೆಚ್ಚು ಬಗೆಗಳುಂಟು. ‘ಟೆಕ್ಸ್ಟ್ (ಟ್ಯಾಬ್ ಡಿಲಿಮಿಟೆಡ್)’ ಎಂಬುದನ್ನು ಆರಿಸಿದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡಬಹುದು. ‘ಯೂನಿಕೋಡ್ ಟೆಕ್ಸ್ಟ್’ ಎಂಬುದನ್ನೇ ಆರಿಸಬೇಕು. ಲಿಬ್ರೆ ಆಫೀಸಿನ ಕ್ಯಾಲ್ಕ್‌ನಲ್ಲಿ ಉಳಿಸುವಾಗ ‘ಟೆಕ್ಸ್ಟ್ ಸಿಎಸ್‌ವಿ’ ಆರಿಸಿ, ‘ಎಡಿಟ್ ಫಿಲ್ಟರ್ ಸೆಟ್ಟಿಂಗ್ಸ್’ ಎಂಬಲ್ಲಿ ಗುರುತು ಹಾಕಿದರೆ, ಯುಟಿಎಫ್-8 ಲಿಪಿಸಂಕೇತವನ್ನೂ ಟ್ಯಾಬನ್ನೂ ನಾವೇ ಆರಿಸಿಕೊಳ್ಳಬಹುದು.

ಹಾಡುಗಳಲ್ಲಿ ಇನ್ನೊಂದು ತೊಡಕುಂಟು. ಒಂದೇ ಮನೆಯೊಳಗೆ ಸಾಲು ಮುರಿದು ನಾಲ್ಕು ಪಾದ ಬರೆದಿದ್ದರೆ ಪಠ್ಯಕಡತದಲ್ಲಿ ಅದು ನಾಲ್ಕು ದಾಖಲೆಗಳಂತೆ ಕಾಣಬಹುದು. ಇಳಿಸುವ ಮೊದಲೇ ಆ ಮುರಿವುಗಳ ಎಡೆಯಲ್ಲಿ ಓರೆಗೆರೆ ಹಾಕಿಕೊಳ್ಳಬೇಕು. ಇಳಿಸಿದ ಮೇಲೆ ಪ್ರತಿ ಸಾಲಿನಲ್ಲೂ ಟ್ಯಾಬುಗಳು ಸಮವಾಗಿವೆಯೆ ಎಂದು ನೋಡಬೇಕು. ನಾಲ್ಕು ಕಾಲಂಗಳಿಗೆ ಮೂರು. ಬಳಸಿದ ವಿಭಾಜಕ ಯಾವುದು, ಲಿಪಿಸಂಕೇತ ಯಾವುದು ಎಂಬ ಚೀಟಿಯೊಂದನ್ನು ಕಡತದ ಜೊತೆಗೇ ಕಳುಹಿಸಿದರೆ ಪಡೆದವರು ಊಹಿಸುತ್ತ ಕೂರಬೇಕಾಗಿಲ್ಲ.