ಜರ್ಮನ್ ಹಿಡಿತದಲ್ಲಿ ಫಿಲಿಪ್ಸ್ ಕಾರ್ಖಾನೆ

1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ನೆದರ್‌ಲೆಂಡ್ಸ್‌ಗೆ ನುಗ್ಗಿದಾಗ, ಐಂಡ್‌ಹೋವನ್ ನಗರದ ಫಿಲಿಪ್ಸ್ ಕಂಪನಿಯ ಹಿರಿಯರಾದ ಆಂಟನ್ ಫಿಲಿಪ್ಸ್ ಅವರೂ ಅವರ ಅಳಿಯ ಫ್ರಾನ್ಸ್ ಒಟ್ಟನ್ ಅವರೂ ದೇಶ ಬಿಟ್ಟು ಕೊನೆಗೆ ಅಮೆರಿಕ ಸೇರಿದರು. ಆಂಟನ್ ಅವರ ಮಗ ಫ್ರಿಟ್ಸ್ ಮಾತ್ರ ಕಾರ್ಖಾನೆಯಲ್ಲೇ ಉಳಿದರು. ಆಕ್ರಮಣಕಾರರು ಕಂಪನಿಯ ಮೇಲೆ ‘ವೆರ್ವಾಲ್ಟರ್’, ಅಂದರೆ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳನ್ನು ಕೂರಿಸಿದ್ದರಿಂದ, ರೇಡಿಯೊ ವಾಲ್ವ್‌ಗಳ ತಯಾರಿಕೆಯಿಂದ ಹಿಡಿದು ಯಹೂದಿ ನೌಕರರ ಭವಿಷ್ಯದವರೆಗೆ ಪ್ರತಿಯೊಂದೂ ಎಳೆದಾಟದ ವಿಷಯವಾಯಿತು.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಎದುರಾದದ್ದು ಫುಖ್ತ್ ಯಾತನಾ ಶಿಬಿರದೊಳಗೆ ಕಾರ್ಯಾಗಾರ ತೆರೆಯಬೇಕೆಂಬ ಒತ್ತಾಯ ಬಂದಾಗ. ಒಪ್ಪಿದರೆ ಕೈದಿಗಳ ದುಡಿಮೆಯಲ್ಲಿ ಪಾಲುದಾರರಾದಂತೆ, ನಿರಾಕರಿಸಿದರೆ ಅವರನ್ನು ಕೈಬಿಟ್ಟಂತೆ ಎಂಬ ಇಕ್ಕಟ್ಟಿನಲ್ಲಿ, ಕೆಲಸದ ಉಸ್ತುವಾರಿ ತನ್ನದೇ ಆಗಿರಬೇಕು, ಕೈದಿಗಳಿಗೆ ದಿನಕ್ಕೊಂದು ಬಿಸಿಯೂಟ ಸಿಗಬೇಕು ಎಂಬ ಷರತ್ತುಗಳೊಡನೆ ಕಂಪನಿ 1943ರಲ್ಲಿ ಒಪ್ಪಿತು. ಅಲ್ಲಿ ರೇಡಿಯೊಗಳ ಜೊತೆಗೆ, ಅಂಗೈಯಲ್ಲಿ ಹಿಚುಕಿದರೆ ಉರಿಯುವ ಡೈನಮೊ ಟಾರ್ಚ್‌ಗಳೂ ತಯಾರಾದವು. ಹಸಿದವರು ಆ ಊಟಕ್ಕೆ ‘ಫಿಲಿಪ್ರಾಕ್’ ಎಂದು ಹೆಸರಿಟ್ಟರು.

ಅದೇ ವರ್ಷ ಏಪ್ರಿಲ್ ಕೊನೆಯಲ್ಲಿ, ಬಿಡುಗಡೆಯಾಗಿದ್ದ ಡಚ್ ಸೈನಿಕರನ್ನು ಮತ್ತೆ ಸೆರೆಗೆ ಒಯ್ಯುವ ಆಜ್ಞೆಯ ವಿರುದ್ಧ ದೇಶವ್ಯಾಪಿ ಮುಷ್ಕರ ಭುಗಿಲೆದ್ದು ಫಿಲಿಪ್ಸ್ ನೌಕರರೂ ಕೆಲಸ ನಿಲ್ಲಿಸಿದಾಗ, ಜರ್ಮನ್ನರು ಐಂಡ್‌ಹೋವನ್‌ನಲ್ಲಿ ಕೆಲವರನ್ನು ಗುಂಡಿಕ್ಕಿ ಕೊಂದು ಫ್ರಿಟ್ಸ್ ಅವರನ್ನು ಹಲವು ತಿಂಗಳು ಬಂಧನದಲ್ಲಿಟ್ಟರು. ಶತ್ರುವಿಗೆ ಉಪಕರಣ ಒದಗಿಸಿದ ಸಂಸ್ಥೆಯನ್ನು ಪೂರ್ತಿ ನಿರ್ದೋಷಿ ಎನ್ನಲಾಗದು; ಆದರೂ ಫುಖ್ತ್ ಕಾರ್ಯಾಗಾರದ 469 ಯಹೂದಿಗಳಲ್ಲಿ 382 ಮಂದಿ ಬದುಕುಳಿದರು ಎಂಬ ಲೆಕ್ಕವನ್ನು ಬದಿಗಿಟ್ಟು ಆ ತೀರ್ಮಾನವನ್ನು ಅಳೆಯುವುದು ನ್ಯಾಯವಲ್ಲ.