ಕಣ್ಣಿಗಿಳಿದ ಕಬ್ಬಿಣ

ಸಂಡೂರಿನ ಅದಿರಿನ ಧೂಳು ಕಣ್ಣು ಉರಿಸುತ್ತದೆ, ಕೆಂಪಗೆ ಮಾಡುತ್ತದೆ. ನನಗೆ ಅದಕ್ಕಿಂತ ಹೆಚ್ಚು ಭಯವಿರುವುದು ಸಿಡಿಯುವ ಕಬ್ಬಿಣದ್ದು. ಹೊಸಪೇಟೆಯ ಲಾರಿ ಗ್ಯಾರೇಜಿನಲ್ಲಿ ತುಕ್ಕು ಹಿಡಿದ ಪಿನ್ನಿಗೆ ಸುತ್ತಿಗೆ ಬೀಳುವಾಗಲೂ ಹಂಪಿಯ ಸುತ್ತ ಕಲ್ಲು ಕೆತ್ತುವವರ ಚಾಣದ ತಲೆಗೆ ಏಟು ಬೀಳುವಾಗಲೂ ಸಾಸಿವೆಗಿಂತ ಸಣ್ಣ ಚೂರು ಹಾರಿ, ಕಾರ್ನಿಯಾ ತೂರಿ ಒಳಗೆ ಹೋಗಬಲ್ಲದು. ಒಂದು ಕ್ಷಣ ಚುರ್ ಅನ್ನುತ್ತದೆ, ಅಷ್ಟೆ. ಗಾಯ ತಾನೇ ಮುಚ್ಚಿಕೊಂಡು, ನೋಟವೂ ಸರಿಯಿದ್ದರೆ ಮರುದಿನ ಕೆಲಸಕ್ಕೆ ಹೋಗುವವರೇ ಹೆಚ್ಚು. ದೊಡ್ಡ ಕಾರ್ಖಾನೆಯ ಗೇಟಿನೊಳಗೆ ರಕ್ಷಣಾ ಕನ್ನಡಕ ಕಡ್ಡಾಯ. ರಸ್ತೆಬದಿಯ ಶೆಡ್ಡಿನಲ್ಲಿ ಕೇಳುವವರಿಲ್ಲ.

ಒಳಗೆ ಉಳಿದ ಚೂರು ನಿಧಾನ ಕರಗುತ್ತದೆ. ಆ ಕಬ್ಬಿಣ ಅಕ್ಷಿಪಟಲಕ್ಕೆ ವಿಷ. ಮಬ್ಬು ಬೆಳಕಿನಲ್ಲಿ ನೋಡಲು ಬೇಕಾದ ಜೀವಕೋಶಗಳನ್ನು ಕೊಲ್ಲುತ್ತಾ ಹೋಗುತ್ತದೆ. ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಮೇಲೆ ಆ ಒಂದು ಕಣ್ಣಿನ ಪಾಪೆಯ ಸುತ್ತ ತುಕ್ಕಿನ ಬಣ್ಣ ಏರುತ್ತದೆ, ಕತ್ತಲಾದರೆ ಅದಕ್ಕೆ ದಾರಿ ಕಾಣದು, ನೋಟದ ಅಂಚು ಕಿರಿದಾಗುತ್ತದೆ. ವೈದ್ಯರು ಇದನ್ನು ಸಿಡೆರೋಸಿಸ್ ಎನ್ನುತ್ತಾರೆ.

ಎರಡೂ ಕಣ್ಣಿಗೆ ಕತ್ತಲಲ್ಲಿ ಕಾಣದೆ, ನೋಟದ ಅಂಚೂ ಕಿರಿದಾದರೆ? ಅದು ಬಹುಶಃ ರಕ್ತದಲ್ಲೇ ಬಂದದ್ದು, ರೆಟಿನೈಟಿಸ್ ಪಿಗ್ಮೆಂಟೋಸಾ. ಮನೆಯಲ್ಲಿ ಇರುಳುಗಣ್ಣು ಎಂದು ನುಗ್ಗೆಸೊಪ್ಪು, ಕ್ಯಾರೆಟ್ ತಿನ್ನಿಸುತ್ತಾರೆ. ಎ ಜೀವಸತ್ವದ ಕೊರತೆಗೆ ಅದು ಸರಿ, ಇದಕ್ಕಲ್ಲ. ಜಗತ್ತಿನಲ್ಲಿ ಸುಮಾರು 4000 ಜನರಲ್ಲಿ ಒಬ್ಬರಿಗಿರುವ ಈ ರೋಗ, ನಾಗಪುರದ ಸುತ್ತಲ ಹಳ್ಳಿಗಳ ಸಮೀಕ್ಷೆಯಲ್ಲಿ ಸುಮಾರು 750ರಲ್ಲಿ ಒಬ್ಬರಿಗಿತ್ತು. ಹತ್ತಿರದ ಸಂಬಂಧದ ಮದುವೆ ಇದರ ಅಪಾಯವನ್ನು ಹೆಚ್ಚಿಸುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗೇ ನಡೆದದ್ದು. ಗದ್ದೆ ಹೊರಗೆ ಹೋಗಬಾರದೆಂದು ಅಕ್ಕನ ಮಗಳನ್ನೇ ತಂದುಕೊಳ್ಳುವ ರೂಢಿ ಕಂಪ್ಲಿಯ ಸೀಮೆಗೆ ಹೊಸದಲ್ಲ. ಗಂಡ ಹೆಂಡತಿ ಇಬ್ಬರ ಕಣ್ಣೂ ಚೆನ್ನಾಗಿರಬಹುದು. ಇಬ್ಬರಲ್ಲೂ ಒಂದೇ ದೋಷದ ಜೀನ್ ಅಡಗಿದ್ದರೆ ಪ್ರತಿ ಮಗುವಿಗೂ ರೋಗದ ಸಾಧ್ಯತೆ ಶೇಕಡಾ 25. ಸೋದರಮಾವನ ಜೊತೆಗಿನ ಮದುವೆಯಲ್ಲಿ ಒಂದೇ ಜೀನ್ ಎರಡೂ ಕಡೆಯಿಂದ ಮಗುವಿಗೆ ಬರುವ ಅಪಾಯ, ಸೋದರತ್ತೆ ಮಗನ ಜೊತೆಗಿನದಕ್ಕಿಂತ ಎರಡು ಪಟ್ಟು.

ಸತ್ತ ಅಕ್ಷಿಪಟಲ ಮತ್ತೆ ಚಿಗುರುವುದಿಲ್ಲ. 2017ರಲ್ಲಿ ಅಮೆರಿಕ ಒಪ್ಪಿದ ಜೀನ್ ಚಿಕಿತ್ಸೆ ಒಂದೇ ಒಂದು ಜೀನಿನ ದೋಷಕ್ಕೆ ಸೀಮಿತ. ಹಾಗಾಗಿ ಮನೆತನದಲ್ಲಿ ಒಬ್ಬರಿಗಾದರೂ ಇರುಳುಗಣ್ಣಿದ್ದರೆ, ನಿಶ್ಚಿತಾರ್ಥಕ್ಕೆ ಮುಂಚೆಯೇ ಜೀನ್ ಸಲಹೆ ಪಡೆಯಿರಿ. ಸುತ್ತಿಗೆ ಏಟಿನ ಚೂರು ಕಣ್ಣಿಗೆ ಬಿದ್ದಿದ್ದರೆ ಉಜ್ಜಬೇಡಿ. ಚೆನ್ನಾಗಿ ಕಾಣುತ್ತಿದ್ದರೂ ಎಕ್ಸ್‌ರೇ ಅಥವಾ ಸಿಟಿ ಸ್ಕ್ಯಾನ್ ಮಾಡಿಸಿ. ಎಂಆರ್‌ಐ ಮಾಡುವವರಿಗೆ ಮೊದಲೇ ಹೇಳಿ: ಒಳಗೆ ಕಬ್ಬಿಣ ಉಳಿದಿದ್ದರೆ ಆ ಯಂತ್ರದ ಅಯಸ್ಕಾಂತ ಅದನ್ನು ಸೆಳೆದು, ಇದ್ದ ನೋಟವನ್ನೂ ಹಾಳುಮಾಡಬಲ್ಲದು.